ಕುಂಕುಮವಿಟ್ಟ ಮೊನಾಲಿಸಾ

ಕಡಲಾಚೆಯ ಎವರ್‌ಗ್ರೀನ್ ಊರಿನ ನಮ್ಮ ಮನೆಗೆ ಬಂದವರು ಚಪ್ಪಲಿ ಬಿಟ್ಟು ತಲೆಯೆತ್ತಿದರೆ ಮೊದಲು ಕಾಣುವುದು ಮೊನಾಲಿಸಾ. ದಾರದ ಮೊನಾಲಿಸಾ. ಮ್ಯಾಟಿ ಬಟ್ಟೆಯ ಮೇಲೆ ಸಣ್ಣ ಸಣ್ಣ ಕ್ರಾಸ್ ಸ್ಟಿಚ್ಚಿನಲ್ಲಿ ತುಂಬಿದ ಚಿತ್ರ. ನಾನು ಹಾಸನದಲ್ಲಿ ಚಡ್ಡಿ ಹಾಕಿಕೊಂಡು ಓಡಾಡುವ ಕಾಲದಲ್ಲಿ ಅಮ್ಮ ಹಾಕಿದ್ದು ಎಂದು ನಾವೆಲ್ಲ ಹೇಳಿಕೊಂಡು ಬಂದಿದ್ದೇವೆ. ಅಸಲಿಗೆ ಇಲ್ಲದ ಹುಬ್ಬು ನಮ್ಮವಳಿಗಿದೆ. ಹಣೆಯಲ್ಲಿ ಕುಂಕುಮವೂ ಇದೆ.

ಹುಬ್ಬು ಅಮ್ಮನ ತೀರ್ಮಾನ. ಹುಬ್ಬಿಲ್ಲದ ಹೆಂಗಸನ್ನು ಗೋಡೆಗೆ ಹಾಕಿದರೆ ಕಾಯಿಲೆಯವಳ ಹಾಗೆ ಕಾಣುತ್ತಾಳೆ ಎಂದಳಂತೆ. ಕುಂಕುಮ ನಮ್ಮಜ್ಜಿಯ ಅಪ್ಪಣೆ. ಬೋಳು ಹಣೆಯವಳು ನಡುಮನೆಯಲ್ಲಿ ಕೂರಬಾರದು ಎಂದು ಅಜ್ಜಿ ಹಟ ಹಿಡಿದದ್ದಕ್ಕೆ ಅಮ್ಮ ಕೆಂಪು ದಾರದಲ್ಲಿ ಒಂದಿಷ್ಟು ಹೊಲಿಗೆ ಹಾಕಿ ಮುಗಿಸಿದಳು. ಹೀಗಾಗಿ ಕಾಲೇಜಿನಲ್ಲಿ ಒಂದು ಪುಸ್ತಕದಲ್ಲಿ ಅಸಲಿ ಚಿತ್ರ ನೋಡಿದಾಗ ಅಚ್ಚಿನ ತಪ್ಪು ಎಂದುಕೊಂಡೆ. ಆಮೇಲೆ ಪ್ಯಾರಿಸ್ಸಿಗೆ ಹೋಗಿ, ಜನರ ತಲೆ ಮತ್ತು ಫೋನುಗಳ ನಡುವಿನ ಸಂದಿಯಲ್ಲಿ ಅವಳನ್ನು ನೋಡಿದೆ. ಗಾಜಿನ ಹಿಂದೆ, ನಮ್ಮನೆಯದಕ್ಕಿಂತ ತುಸು ದೊಡ್ಡದು, ಅಷ್ಟೆ. ಯಾರೋ ಹಣೆ ಒರೆಸಿಬಿಟ್ಟಿದ್ದಾರಲ್ಲ ಅನಿಸಿತು. ನಮ್ಮದೇ ವಾಸಿ ಎಂದು ಹೆಮ್ಮೆಯಿಂದ ವಾಪಸು ಬಂದೆ.

ನಾನು ಓದಿದ್ದು ಸಂಖ್ಯಾಶಾಸ್ತ್ರ. ಆಧಾರ ಕೊಡಿ, ಆಮೇಲೆ ಮಾತಾಡೋಣ ಅನ್ನುವ ಜಾತಿ. ಒಂದು ಕಡೆ ಕೂರಲೂ ಬಾರದು. ಮನೆಯಿಂದ ಕೆಲಸ ಮಾಡುವ ದಿನ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಹಾಲಿನಲ್ಲಿ ಅತ್ತಿಂದಿತ್ತ ನಡೆಯುತ್ತಲೇ ಮೀಟಿಂಗು ಮುಗಿಸುತ್ತೇನೆ. ಹಾಗೆ ನಡೆಯುವಾಗ ಮೊನಾಲಿಸಾ ನನಗೊಂದು ಕಾಟ. ಕಿಟಕಿಯ ಕಡೆಯಿಂದ ಬಂದರೆ ನಗುತ್ತಾಳೆ, ಅಡುಗೆಮನೆಯ ಕಡೆಯಿಂದ ಬಂದರೆ ಸುಮ್ಮನಿರುತ್ತಾಳೆ. ಅಸಲಿಯ ನಗುವೂ ಬಂದು ಹೋಗುತ್ತದೆ ಅನ್ನುತ್ತಾರೆ. ಅಲ್ಲಿ ಅದಕ್ಕೆ ಕಾರಣ ತುಟಿಯ ಅಂಚಿಗೆ ಗೆರೆಯೇ ಇಲ್ಲದಂತೆ ಪದರದ ಮೇಲೆ ಪದರ ತೆಳ್ಳಗೆ ಬಳಿದ ಬಣ್ಣ. ದಾರದಲ್ಲಿ ಅದು ಹೇಗೆ ಬಂತು? ಅಮ್ಮನ ಕೈಗುಣ ಎಂದು ಬಂದವರಿಗೆಲ್ಲ ಹೇಳುತ್ತಿದ್ದೆ. ಸಂಶಯವನ್ನೇ ಕಸುಬು ಮಾಡಿಕೊಂಡವನು ಮನೆಯ ಗೋಡೆಯ ವಿಷಯದಲ್ಲಿ ಮಾತ್ರ ಭಕ್ತ.

ಆ ಚಿತ್ರದ ಚರಿತ್ರೆ ಓದುವ ಚಟವೂ ಹತ್ತಿತು. ಅವಳು ಒಬ್ಬ ರೇಷ್ಮೆ ವ್ಯಾಪಾರಿಯ ಹೆಂಡತಿ ಎಂದು ಬಹಳ ಜನ ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. ವ್ಯಾಪಾರಿ ಬರೆಸಿದ್ದೇ ಆದರೆ ಚಿತ್ರ ಅವನ ಮನೆ ಯಾಕೆ ಸೇರಲಿಲ್ಲ? ಚಿತ್ರಕಾರ ಅದನ್ನು ಕೊಡದೆ ದೇಶ ಬಿಟ್ಟಾಗಲೂ ಜೊತೆಗೇ ಹೊತ್ತುಕೊಂಡು ಹೋದ. ಹುಬ್ಬು ಬರೆದೇ ಇರಲಿಲ್ಲವೋ, ಒರೆಸುವಾಗ ಹೋಯಿತೋ? ಶಿಷ್ಯನೊಬ್ಬ ಅದೇ ಕೋಣೆಯಲ್ಲಿ ಕೂತು ಬರೆದಿರಬಹುದಾದ ನಕಲಿನಲ್ಲಂತೂ ಹುಬ್ಬಿದೆ. ಹಿಂದಿನ ಶತಮಾನದ ಆರಂಭದಲ್ಲಿ ಚಿತ್ರ ಕಳುವಾದಾಗ ಜನ ಸಾಲುಗಟ್ಟಿ ಬಂದು ಖಾಲಿ ಗೋಡೆಯನ್ನು ನೋಡಿ ಹೋದರಂತೆ. ಇದನ್ನೆಲ್ಲ ಊಟದ ಹೊತ್ತಿನಲ್ಲಿ ಹೇಳಿದರೆ ಅಮ್ಮ, "ಸಾರು ಆರುತ್ತೆ ಉಣ್ಣು" ಅನ್ನುತ್ತಿದ್ದಳು.

ಈ ನಡುವೆ ನನ್ನೊಳಗೆ ಒಂದು ನೆನಪು. ಅಪ್ಪ ಮಂಚದ ಮೇಲೆ ಕೂತಿದ್ದಾರೆ. ಒಂದು ಕಾಲಿಗೆ ತೊಡೆಯವರೆಗೆ ಪ್ಲಾಸ್ಟರು. ಮಡಿಲಲ್ಲಿ ಕಸೂತಿಯ ರಿಂಗು, ಕೈಯಲ್ಲಿ ಸೂಜಿ. ಈಗಿಲ್ಲದ ಅಪ್ಪ ಲೋಕೋಪಯೋಗಿ ಇಲಾಖೆಯಲ್ಲಿ ನಕ್ಷೆ ಬರೆಯುತ್ತಿದ್ದವರು. ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡು ಮನೆಯಲ್ಲಿದ್ದದ್ದು ನಿಜ. ಕ್ಯಾಲೆಂಡರಿನ ಮೊನಾಲಿಸಾಳನ್ನು ಚೌಕುಳಿ ಕಾಗದಕ್ಕೆ ಇಳಿಸಿ, ಯಾವ ಚೌಕಕ್ಕೆ ಯಾವ ಬಣ್ಣ ಎಂದು ಗುರುತು ಹಾಕಿಕೊಟ್ಟದ್ದೂ ನಿಜ. ನಕ್ಷೆ ಅಪ್ಪನದು, ಹೊಲಿಗೆ ಅಮ್ಮನದು: ಇದು ಮನೆಯ ಅಧಿಕೃತ ಇತಿಹಾಸ. ಸೂಜಿ ಹಿಡಿದ ಅಪ್ಪ ಅದರಲ್ಲಿಲ್ಲ.

ಮೈಸೂರಿನಲ್ಲಿರುವ ಅಕ್ಕನಿಗೆ ಒಮ್ಮೆ ಫೋನಿನಲ್ಲಿ ಕೇಳಿದೆ.

"ಅಪ್ಪನಾ? ಸೂಜಿನಾ? ಅಂಗಿ ಗುಂಡಿ ಕಿತ್ತೋದ್ರೆ ಅಮ್ಮನ್ನ ಕೂಗೋರು ಕಣೋ. ಎಲ್ಲೋ ಕನಸು ಕಂಡಿದೀಯ."

"ರಿಂಗು ಕಣ್ಣಿಗೆ ಕಟ್ಟಿದ ಹಾಗಿದೆ ಅಕ್ಕ."

"ನಿನ್ನ ಕಣ್ಣಿಗೆ ನಮ್ಮನೇಲಿ ಆನೆ ಕಟ್ಟಿದ್ದೂ ಕಟ್ಟಿತ್ತು. ಐದನೇ ಕ್ಲಾಸಿನವರೆಗೂ ಸ್ಕೂಲಲ್ಲಿ ಹೇಳ್ಕೊಂಡು ತಿರುಗ್ತಿದ್ದೆ."

ನೆನಪು ಎಂದರೆ ಪ್ರತಿ ಸಲ ತೆಗೆದು ನೋಡಿದಾಗಲೂ ಒಂದು ಪದರ ಬಣ್ಣ ಬಳಿಸಿಕೊಳ್ಳುವ ಚಿತ್ರ ಎಂದು ನಾನೇ ನಾಲ್ಕು ಜನರಿಗೆ ಪಾಠ ಹೇಳಿದ್ದೇನೆ. ಮಾತು ಬದಲಿಸಿದೆ.

ಹೋದ ವರ್ಷದ ನವರಾತ್ರಿಯಲ್ಲಿ ಗೊಂಬೆ ಕೂರಿಸಿದಾಗ ಮೊನಾಲಿಸಾಳನ್ನು ಗೋಡೆಯಿಂದ ಇಳಿಸಿ, ಎಂದಿನಂತೆ ಪಟ್ಟದ ಗೊಂಬೆಗಳ ಪಕ್ಕಕ್ಕೆ ಒರಗಿಸಿಟ್ಟೆವು. ಗಾಜಿನೊಳಗೆ ದೂಳು ಹೋಗಿದೆ ಎಂದು ಮಗಳು ಚೌಕಟ್ಟು ಬಿಚ್ಚಿದಳು. ಅವಳು ಕಾಲೇಜಿನಲ್ಲಿದ್ದಾಳೆ. ನಮ್ಮಮ್ಮನ ಹತ್ತಿರ ಕ್ರಾಸ್ ಸ್ಟಿಚ್ ಕಲಿತಿದ್ದಾಳೆ. ಮಗಳದು ಎಡಗೈ. ಅಮ್ಮ ಕಲಿಸುವಾಗ ಹೇಳಿದ್ದು ಒಂದೇ ನಿಯಮ: ಒಂದರ ಮೇಲೊಂದು ಹಾಯುವ ಎರಡು ಹೊಲಿಗೆಯಲ್ಲಿ ಮೇಲಿನದು ಬಟ್ಟೆಯ ತುಂಬ ಒಂದೇ ಕಡೆ ವಾಲಬೇಕು, ಇಲ್ಲದಿದ್ದರೆ ಬೆಳಕು ಬಿದ್ದಾಗ ಮಚ್ಚೆ ಮಚ್ಚೆ ಕಾಣುತ್ತದೆ. ಯಾವ ಕಡೆ ಎಂದು ಮೊಮ್ಮಗಳು ಕೇಳಿದ್ದಕ್ಕೆ, "ನಿನ್ನ ಕೈ ಯಾವ ಕಡೆ ಹೋಗುತ್ತೋ ಆ ಕಡೆ" ಎಂದಿದ್ದಳು. ಎಡಗೈಯಲ್ಲಿ ತಾಂಬೂಲ ಕೊಟ್ಟರೆ ಹುಬ್ಬು ಗಂಟಿಕ್ಕುವ ಅಮ್ಮ ಇಲ್ಲಿ ಇಷ್ಟು ಧಾರಾಳಿಯಾದದ್ದು ನನಗೆ ಆಗಲೇ ವಿಚಿತ್ರವೆನಿಸಿತ್ತು.

ಮಗಳು ಬಟ್ಟೆಯನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಅಪ್ಪ, ಕಮ್ ಹಿಯರ್. ಇದನ್ನ ಇಬ್ರು ಮಾಡಿದಾರೆ."

"ಇಬ್ಬರಾ?"

"ಲುಕ್. ಬೆಟ್ಟ, ಡ್ರೆಸ್ಸು, ಕೈ, ಎವೆರಿಥಿಂಗ್ ಈ ಕಡೆ ವಾಲುತ್ತೆ. ಕೆನ್ನೆ ಮತ್ತೆ ಮೌತ್ ಮಾತ್ರ ಆ ಕಡೆ. ಲೈಕ್ ಮೈನ್. ದಟ್ಸ್ ವೈ ಶಿ ಸ್ಮೈಲ್ಸ್ ಆನ್ ಅಂಡ್ ಆಫ್. ಲೈಟು."

ಚೌಕಟ್ಟಿಲ್ಲದ ಬಟ್ಟೆಯ ಮುಂದೆ ನಾನು ಅತ್ತಿಂದಿತ್ತ ನಡೆದು ನೋಡಿದೆ. ಸಂಶಯವಿರಲಿಲ್ಲ. ಒಂದು ಕಡೆಯ ಬೆಳಕನ್ನು ಹಿಡಿದು ತುಟಿಯ ಹೊಲಿಗೆಗಳು ಹೊಳೆಯುತ್ತಿದ್ದವು, ಇನ್ನೊಂದು ಕಡೆಯಿಂದ ಮಂಕಾಗುತ್ತಿದ್ದವು. ಆ ಹಳೆಯ ಚಿತ್ರಕಾರನೂ ಎಡಗೈಯವನೇ. ಅವನ ರೇಖಾಚಿತ್ರಗಳ ನೆರಳಿನ ಗೆರೆಗಳು ಎಡ ಮೇಲಿನಿಂದ ಬಲ ಕೆಳಕ್ಕೆ ಇಳಿಯುತ್ತವೆ, ಅದನ್ನು ನೋಡಿಯೇ ಅಸಲಿ ಯಾವುದು, ಶಿಷ್ಯರದು ಯಾವುದು ಎಂದು ತೂಗುತ್ತಾರೆ. ಇಲ್ಲಿನ ತುಟಿಯ ಹೊಲಿಗೆಯೂ ಹಾಗೇ ಇಳಿಯುತ್ತಿತ್ತು.

ನಮ್ಮಪ್ಪನದೂ ಎಡಗೈ. ಸ್ಕೂಲಿನಲ್ಲಿ ಹೊಡೆದು ಬಲಗೈಯಲ್ಲಿ ಬರೆಯಲು ಕಲಿಸಿದ್ದರು. ತೆಂಗಿನಕಾಯಿ ಸುಲಿಯುವುದು, ಸುತ್ತಿಗೆ ಹಿಡಿಯುವುದು ಮಾತ್ರ ಎಡದಲ್ಲೇ.

"ಅಜ್ಜಿ, ಯಾರು ಇನ್ನೊಬ್ರು?" ಮಗಳು ಕೇಳಿದಳು.

"ಕೋಸಂಬರಿಗೆ ಒಗ್ಗರಣೆ ಹಾಕಿಲ್ಲ" ಎಂದು ಅಮ್ಮ ಎದ್ದು ಹೋದಳು.

ಮಾತು ಅಲ್ಲಿಗೆ ನಿಲ್ಲುತ್ತಿತ್ತೇನೋ. ಆದರೆ ಸ್ಯಾನ್ ಮಟಿಯೋದ ಒಂದು ಲೈಬ್ರರಿಯಲ್ಲಿ ಅಜ್ಜಿಯರ ಕೈಕೆಲಸದ ಸಣ್ಣ ಪ್ರದರ್ಶನವಿತ್ತು, ಮಗಳು ಮೊನಾಲಿಸಾಳನ್ನು ಕೊಡುತ್ತೇವೆ ಎಂದು ಒಪ್ಪಿಕೊಂಡು ಬಂದಿದ್ದಳು. ಚಿತ್ರದ ಕೆಳಗೆ ಮಾಡಿದವರು ಯಾರು ಎಂದು ಬರೆದ ಚೀಟಿ ಬೇಕು.

"ನನ್ನ ಹೆಸರು ಹಾಕಿ. ಇನ್ಯಾರದು ಹಾಕ್ತೀರ?" ಎಂದಳು ಅಮ್ಮ.

"ಬಟ್ ಇಟ್ಸ್ ನಾಟ್ ಟ್ರೂ, ಅಜ್ಜಿ."

"ನಿಂಗೇನು ಗೊತ್ತು ಟ್ರೂ."

ಅಮ್ಮ ಎರಡು ದಿನ ನಮ್ಮಿಬ್ಬರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಅಂಥ ಸಣ್ಣ ವಿಷಯಕ್ಕೆ ಮುನಿಸಿಕೊಳ್ಳುವವಳಲ್ಲ. ಅವಳಿಗೆ ಇದರಲ್ಲಿ ಕಳೆದುಕೊಳ್ಳುವಂಥದ್ದು ಏನೋ ಇದೆ ಎಂದು ಆಗ ತಿಳಿಯಿತು.

ಆ ಭಾನುವಾರ ಅವಳನ್ನು ಲಿವರ್‌ಮೋರ್ ದೇವಸ್ಥಾನಕ್ಕೆ ಕರೆದುಕೊಂಡು ಹೊರಟೆ. ಕಾರಿನಲ್ಲಿ ನಾವಿಬ್ಬರೇ. ಫ್ರೀವೇ ಹತ್ತಿದ ಮೇಲೆ ಅಮ್ಮ ತಾನಾಗಿಯೇ ಶುರು ಮಾಡಿದಳು. ಎದುರುಬದುರು ಕೂತು ಹೇಳಲಾಗದ್ದನ್ನು ಅವಳು ಯಾವಾಗಲೂ ಹೇಳುವುದು ಕಾರಿನಲ್ಲೇ.

"ನಿಮ್ಮಪ್ಪಂಗೆ ಮಲಗಿ ಮಲಗಿ ಹುಚ್ಚು ಹಿಡಿದಂಗಾಗಿತ್ತು. ನಿನ್ನ ಹಾಗೇ, ಒಂದು ಕಡೆ ಕೂರೋ ಜೀವ ಅಲ್ಲ. ನಾನು ಮುಖಕ್ಕೆ ಬಂದಿದ್ದೆ. ಬಾಯಿ ಹಾಕ್ತೀನಿ, ಬರಲ್ಲ. ಬಿಚ್ಚೋದು, ಹಾಕೋದು. ಒಂದು ಸಲ ಅಳುಮುಖ, ಇನ್ನೊಂದು ಸಲ ನಮ್ಮತ್ತೆ ಮುಖ."

ನಾನು ನಕ್ಕೆ. ಅವಳು ನಗಲಿಲ್ಲ.

"ಕೊಡಿಲ್ಲಿ ನೋಡಣ ಅಂದ್ರು. ಗಂಡಸರಿಗೆ ಯಾಕೆ ಅಂದೆ. ನಕ್ಷೆ ಬರೆದವನಿಗೆ ಗೊತ್ತಾಗಲ್ವಾ ಅಂದ್ರು. ಬಾಗಿಲು ಹಾಕ್ಕೊಂಡು ಎಡಗೈಲಿ ಹಾಕಿದ್ರು. ಎಲ್ಲಾ ಒಂದೇ ಕಡೆ ಬರಲಿ ಅಂತ ಹೇಳಿದ್ದೆ. ಬಂತು, ಆದರೆ ನನ್ನ ಕಡೆ ಅಲ್ಲ, ಅವರ ಕಡೆ. ತಪ್ಪು ಅದು. ಬಿಚ್ಚಬೇಕಿತ್ತು. ಎತ್ತಿ ಹಿಡಿದು ನೋಡಿದೆ, ನಗ್ತಾ ಇದಾಳೆ. ಹೆಂಗೆ ಬಿಚ್ಚಲಿ?"

"ಮತ್ತೆ ಯಾಕಮ್ಮ ಯಾರಿಗೂ ಹೇಳಲಿಲ್ಲ?"

"ಆಫೀಸಿನವರು ನೋಡಕ್ಕೆ ಬಂದ್ರು. ರಿಂಗು ಇವರ ತೊಡೆ ಮೇಲಿದೆ. ಒಬ್ಬ, ಏನ್ ಸಾರ್, ಮನೇಲಿ ಯಾರು ಗಂಡು ಅಂದ. ಇವರ ಮುಖ ನೋಡಬೇಕಿತ್ತು. ನಂದು, ಇಲ್ಲಿಟ್ಟು ಒಳಗೆ ಹೋಗಿದ್ದೆ ಅಂತ ತಗೊಂಡು ಹೋದೆ. ಅವತ್ತೇ ಅವರು, ಇದು ನಿಂದು ಅಂತಲೇ ಇರಲಿ ಅಂದ್ರು. ಆಯ್ತು ಅಂದೆ. ಅಕ್ಕ ಸ್ಕೂಲಿಗೆ ಹೋಗಿರೋಳು. ನೀನೊಬ್ಬ ಇದ್ದೆ, ಮಂಚದ ಮುಂದೆ ಆಟ ಆಡ್ಕೊಂಡು."

ಹಸಿರು ಬತ್ತಿದ ಬೆಟ್ಟಗಳು ಎರಡೂ ಕಡೆ ಹಿಂದಕ್ಕೆ ಸರಿಯುತ್ತಿದ್ದವು. ಅಮ್ಮ ಕಿಟಕಿಯ ಕಡೆ ತಿರುಗಿ ಹೇಳಿದಳು:

"ಬಂದೋರೆಲ್ಲ ಬೆಟ್ಟ ಹೊಗಳಲ್ಲ, ಕೈ ಹೊಗಳಲ್ಲ. ಆ ಬಾಯಿನೇ ಹೊಗಳೋದು. ನಾನು ಹೂಂ ಹೂಂ ಅಂತ ಕೇಳಿಸ್ಕೋಬೇಕು. ಅವರು ಅಲ್ಲೇ ಪೇಪರ್ ಓದ್ತಾ ಕೂತಿರೋರು. ಒಂದು ಸಲನಾದ್ರೂ ನೋಡ್ರಿ, ಅದು ಇವರದು ಅಂತ ಹೇಳಿಬಿಡಬೇಕು ಅನ್ಸೋದು. ಕೊಟ್ಟ ಮಾತು."

"ಈಗ ಹೇಳಬಹುದಲ್ಲ?"

"ಯಾರನ್ನ ಕೇಳಿ ಹೇಳಲಿ? ಕೇಳಬೇಕಾದೋರು ಇಲ್ಲ."

ದೇವಸ್ಥಾನದಲ್ಲಿ ಅಮ್ಮ ಪ್ರದಕ್ಷಿಣೆ ಮುಗಿಸಿ, ಚಿತ್ರಾನ್ನದ ಪೊಟ್ಟಣ ಹಿಡಿದು ಹೊರಗಿನ ಬೆಂಚಿನ ಮೇಲೆ ಕೂತಳು. ಅರ್ಧ ತಿಂದ ಮೇಲೆ, "ಆ ಕಾಲದಲ್ಲಿ ಅವರಿಗೆ ಅವಮಾನ ಅನಿಸ್ತಿತ್ತು. ಮೊಮ್ಮಗಳು ಎಡಗೈಲಿ ಹಾಕೋದು ನೋಡಿದ್ದಿದ್ರೆ ಅನಿಸ್ತಿತ್ತಾ?" ಎಂದಳು. ನನ್ನನ್ನು ಕೇಳಿದ್ದಲ್ಲ. "ಅನಿಸ್ತಿರಲಿಲ್ಲ ಬಿಡು" ಎಂದು ಅವಳೇ ಹೇಳಿ ಪೊಟ್ಟಣ ಮಡಿಸಿದಳು.

ಪ್ರದರ್ಶನದ ದಿನ ಚೀಟಿಯಲ್ಲಿ ಎರಡು ಹೆಸರಿದ್ದವು. ಅಪ್ಪನದು ಮೊದಲು. ಹಾಗೆ ಬರೆಯಬೇಕೆಂದು ಅಮ್ಮನೇ ಹೇಳಿದ್ದಳು. ರೇಷ್ಮೆ ಸೀರೆಯುಟ್ಟು, ಮೇಲೆ ಮಗಳ ಜಾಕೆಟ್ಟು ಹಾಕಿಕೊಂಡು, ಚಿತ್ರದ ಪಕ್ಕದ ಕುರ್ಚಿಯಲ್ಲಿ ಕೂತಳು. ನಮ್ಮ ಮನೆಗೆ ಪ್ರತಿ ವರ್ಷ ಅರಿಶಿನ ಕುಂಕುಮಕ್ಕೆ ಬರುವ ಮಂಡ್ಯದ ಹಿರಿಯ ಹೆಂಗಸೊಬ್ಬರು ಚೀಟಿ ಓದಿ ಕನ್ನಡಕ ಸರಿಮಾಡಿಕೊಂಡರು.

"ಏನ್ರೀ ಇದು, ಯಜಮಾನ್ರ ಕೈಲೂ ಸೂಜಿ ಹಿಡಿಸಿಬಿಟ್ಟಿದ್ರಾ? ಇಷ್ಟು ವರ್ಷ ನೀವೇ ಹಾಕಿದ್ದು ಅಂದ್ಕೊಂಡಿದ್ವಲ್ಲ."

ಅಮ್ಮನ ಬೆನ್ನು ನೆಟ್ಟಗಾಯಿತು.

"ನಾನೆಲ್ಲಿ ಹಿಡಿಸ್ಲಿ, ಅವರೇ ಕಿತ್ಕೊಂಡ್ರು. ಮಿಕ್ಕಿದ್ದೆಲ್ಲ ನಂದೇ ಕಣ್ರೀ. ಬಾಯಿ ಅವರದು. ಸ್ವಲ್ಪ ಈ ಕಡೆ ಬನ್ನಿ. ಇನ್ನೊಂಚೂರು. ಹಾಂ, ಈಗ ನೋಡಿ. ನಮ್ಮ ಮನೆಯವರ ಕೈಲಿ ಬಿಟ್ಟು ಇನ್ಯಾರ ಕೈಲಿ ಬರ್ತಿತ್ತು ಹೇಳಿ ಅದು?"

ಅವರು ನೋಡಿದರು. "ನಿಜ ಕಣ್ರೀ. ನಮ್ಮನೆಯವರ ಕೈಲಿ ಕೊಟ್ಟಿದ್ರೆ ಮೀಸೆ ಬರ್ತಿತ್ತು" ಎಂದರು. ಅಮ್ಮ ನಕ್ಕಳು. ಆಮೇಲೆ ಬಂದವರನ್ನೆಲ್ಲ ಅವಳೇ ಕೈಹಿಡಿದು ಅತ್ತ ನಿಲ್ಲಿಸಿ, ಇತ್ತ ನಿಲ್ಲಿಸಿ ತೋರಿಸಿದಳು. ಕನ್ನಡ ಬಾರದವರಿಗೂ ಕನ್ನಡದಲ್ಲೇ ಹೇಳಿದಳು. ಮಗಳು ಪಕ್ಕದಲ್ಲಿ ನಿಂತು ಇಂಗ್ಲಿಷಿಗೆ ತಿರುಗಿಸುತ್ತಿದ್ದಳು.

ಸಂಜೆ ಅಕ್ಕನಿಗೆ ಫೋನು ಮಾಡಿ, ನನ್ನ ನೆನಪು ಕನಸಲ್ಲ ಎಂದು ಜಂಬದಿಂದ ಹೇಳಿದೆ. ಅವಳು, "ಹಾಗಾದ್ರೆ ಆನೆ?" ಎಂದಳು.

ಅದಿರಲಿ, ನನಗೆ ಇನ್ನೊಂದು ತೊಡಕು ಉಳಿದಿತ್ತು. ನನ್ನ ನೆನಪಿನ ಅಪ್ಪನ ಸೂಜಿ ಬಲಗೈಯಲ್ಲಿದೆ. ಎಷ್ಟು ಸಲ ಕಣ್ಣು ಮುಚ್ಚಿ ನೋಡಿದರೂ ಬಲಕ್ಕೇ. ಹಾಗಾದರೆ ನಾನು ಕಂಡದ್ದು ಅಪ್ಪನನ್ನೋ, ಬೇರೆ ಯಾರ ಮೇಲೋ ಆಮೇಲೆ ಬಳಿದ ಬಣ್ಣವನ್ನೋ? ಚಿತ್ರವನ್ನು ಮತ್ತೆ ಗೋಡೆಗೆ ತಗುಲಿಹಾಕುವಾಗ ಅಮ್ಮನಿಗೆ ಇದನ್ನು ಹೇಳಿದೆ.

ಅಮ್ಮ ಮೊಮ್ಮಗಳನ್ನು ಸೋಫಾದ ಮೇಲೆ ಕೂರಿಸಿ, ಎಡಗೈಗೆ ಸೂಜಿ ಕೊಟ್ಟು, ನನಗೆ ಎದುರಿಗೆ ನೆಲದ ಮೇಲೆ ಕೂರಲು ಹೇಳಿದಳು. ಮಂಡಿ ಸಹಕರಿಸದಿದ್ದರೂ ಕೂತೆ. ಮಗಳ ಎಡಗೈಯ ಸೂಜಿ ನನ್ನ ಬಲಗಡೆ ಏರುತ್ತಿತ್ತು, ಇಳಿಯುತ್ತಿತ್ತು.

"ಈಗ ಗೊತ್ತಾಯ್ತಾ ಎಲ್ಲಿ ಕೂತಿದ್ದೆ ಅಂತ?" ಎಂದಳು ಅಮ್ಮ.

ಇದು ಸಾಕ್ಷಿಯಾಗುವುದಿಲ್ಲ, ನನ್ನ ನೆನಪಿಗೆ ಹೊಂದಿಕೆಯಾಗುತ್ತದೆ ಅಷ್ಟೆ, ಎಂದು ಹೇಳಲು ಬಾಯಿ ತೆರೆದೆ. ಮಗಳು ತಲೆಯೆತ್ತದೆ, "ಅಪ್ಪ, ಡೋಂಟ್" ಎಂದಳು. ಇನ್ನೂ ಸ್ವಲ್ಪ ಹೊತ್ತು ಹಾಗೇ ನೆಲದ ಮೇಲೆ ಕೂತಿದ್ದೆ.