ಬ್ರೇಕ್ ಪರೀಕ್ಷಿಸಲಾಯಿತು

“ಏನೋ ಎಂಟನೇ ಕ್ಲಾಸು, ನಿನ್ನೆ ರೋಪ್ ಬದಲಾಯ್ಸಿ ಮುಗಿಸಿದ್ಯೋ, ಇನ್ನೂ ಬದಲಾಯಿಸ್ತಾನೇ ಇದೀಯೋ? ನಿನ್ನ ಇಂಗ್ಲಿಷ್ ಓದಿದ್ರೆ ಲಿಫ್ಟ್ ಹತ್ತೋಕೇ ಭಯ ಆಗುತ್ತೆ,” ಎಂದು ಸೂಪರ್‌ವೈಸರ್ ವರದಿಯ ಹಾಳೆಯನ್ನು ಇಪ್ಪತ್ತು ಜನರೆದುರು ಆಡಿಸಿದಾಗ, ಶಾಲೆಯನ್ನು ಅರ್ಧಕ್ಕೇ ಬಿಟ್ಟು ಬಂದಿದ್ದ ಕಿರಿಯ ಮೆಕ್ಯಾನಿಕ್ಕಿನ ಕೈ ಸ್ಪ್ಯಾನರಿನ ಮೇಲಿತ್ತು. ಅಲ್ಲಿ ನಗದೇ ಉಳಿದವರು ಒಬ್ಬರೇ. ಲಿಫ್ಟ್ ದುರಸ್ತಿಯ ಕ್ಷೇತ್ರದಲ್ಲಿ ಮೂವತ್ತೊಂದು ವರ್ಷ ಒಂದು ನಟ್ಟನ್ನೂ ಬಿಗಿಯದೆ, ಮುಗಿದ ಕೆಲಸದ ಪ್ರತಿಯೊಂದು ವರದಿಯನ್ನೂ ಓದಿ, ತಿದ್ದಿ, ಸಹಿ ಹಾಕಿ ಕಳಿಸಿದ ಆ ಗುಮಾಸ್ತರನ್ನು ವರ್ಕ್‌ಶಾಪು ಮೇಷ್ಟ್ರೆಂದೇ ಕರೆಯುತ್ತದೆ. ಈ ಅಭಿನಂದನಾ ಸಂಪುಟ ಅವರಿಗೆ ಸಲ್ಲುತ್ತಿರುವುದು ನ್ಯಾಯ; ಅದರಲ್ಲಿ ಬರೀ ಹೊಗಳಿಕೆ ಇದ್ದರೆ ಅನ್ಯಾಯ.

ಮರುದಿನ ಊಟದ ಬಿಡುವಿನಲ್ಲಿ ಮೇಷ್ಟ್ರು ತಮ್ಮ ಮೇಜಿನ ಪಕ್ಕಕ್ಕೊಂದು ಸ್ಟೂಲು ಎಳೆದಿಟ್ಟರು. ಕರೆಯಲಿಲ್ಲ. ಮೂರನೆಯ ದಿನ ಹುಡುಗನೇ ಬಂದು ಕೂತ. ನಿನ್ನೆ ಮುಗಿದ ಕೆಲಸಕ್ಕೆ ಇಂಗ್ಲಿಷ್ ಕ್ರಿಯಾಪದದ ಯಾವ ರೂಪ, ಈಗಷ್ಟೇ ಮುಗಿದು ಫಲ ಕಣ್ಣೆದುರಿಗಿರುವುದಕ್ಕೆ ಯಾವುದು ಎಂಬುದನ್ನು ಅವರು ಗ್ರೀಸ್ ಮೆತ್ತಿದ ಬೇರಿಂಗುಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು ಹೇಳಿಕೊಟ್ಟರು. ಮಾಡಿದವನು ಮರೆಯಾಗಿ, ಆದ ಕೆಲಸವೇ ಮುಂದೆ ಬರುವ ಕರ್ಮಣಿ ಪ್ರಯೋಗವಂತೂ ಅವನ ಮೈ ಉರಿಸಿತು. ಬೆವರು ನಂದು, ಹೆಸರು ಮಾತ್ರ ಇಲ್ಲವೇ ಎಂದು ಸಿಡುಕಿದ.

“ರೋಪ್ ಬದಲಾಯಿಸಲಾಯಿತು ಅಂದ್ರೆ ಸಾಕಪ್ಪಾ, ಲಿಫ್ಟಲ್ಲಿ ಹೋಗೋರಿಗೆ ಬೇಕಾಗಿರೋದು ಅಷ್ಟೇ. ಕೆಳಗೆ ಸಹಿ ಹಾಕ್ತೀಯಲ್ಲ, ಅಲ್ಲಿ ಸಿಕ್ಕೇ ಸಿಕ್ತೀಯ,” ಎಂದರು ಮೇಷ್ಟ್ರು.

ನಾಲ್ಕು ತಿಂಗಳಲ್ಲಿ ಅವನ ವರದಿಗಳಿಂದ ಕೆಂಪು ಶಾಯಿ ಕಾಣೆಯಾಯಿತು.

ವರ್ಕ್‌ಶಾಪಿನಲ್ಲಿ ಎಲ್ಲರಿಗೂ ಗೊತ್ತಿದ್ದೂ ಯಾರೂ ಬಾಯಿಬಿಡದ ರೂಢಿಯೊಂದಿತ್ತು: ಸಂಜೆ ತಡವಾಗದಿರಲೆಂದು ವರದಿಯನ್ನು ಬೆಳಿಗ್ಗೆಯೇ ಬರೆದಿಟ್ಟು ಕೆಲಸಕ್ಕೆ ಹೊರಡುವುದು. ಇಂಗ್ಲಿಷ್ ಬಂದ ಹುಮ್ಮಸ್ಸಿನಲ್ಲಿ ಅವನೂ ಒಂದು ಬೆಳಿಗ್ಗೆ, ಆಸ್ಪತ್ರೆಯೊಂದರ ಲಿಫ್ಟಿನ ಬ್ರೇಕ್ ಪರೀಕ್ಷಿಸಲಾಯಿತು ಎಂದು ಒಂದು ತಪ್ಪೂ ಇಲ್ಲದೆ ಬರೆದು ಮೇಷ್ಟ್ರ ಟ್ರೇಯಲ್ಲಿಟ್ಟ. ಅಷ್ಟರಲ್ಲಿ ಸೂಪರ್‌ವೈಸರ್ ಅವನನ್ನು ಬೇರೆ ಕಟ್ಟಡಕ್ಕೆ ಅಟ್ಟಿದರು. ಬ್ರೇಕನ್ನು ಯಾರೂ ಮುಟ್ಟಲಿಲ್ಲ. ಶಿಷ್ಯನ ವಾಕ್ಯ ಕಂಡು ಹಿಗ್ಗಿದ ಮೇಷ್ಟ್ರು ಗಡಿಯಾರ ನೋಡದೆ ಸಹಿ ಹಾಕಿದರು. ಮರುದಿನ ಲಿಫ್ಟ್ ಜಾರಿ ನರ್ಸೊಬ್ಬರ ಕಾಲು ಮುರಿಯಿತು.

ವಿಚಾರಣೆಯಲ್ಲಿ ಸೂಪರ್‌ವೈಸರ್ ಆ ರೂಢಿಯ ಸುದ್ದಿಯೆತ್ತದೆ ಹುಡುಗನ ಸಹಿಗೆ ಬೆರಳಿಟ್ಟು ಕೂತರು. ಅವನ ಕೆಲಸ ಹೋದಂತೆಯೇ. ಎಂಟನೇ ಕ್ಲಾಸಿನವನಿಗೆ ಇನ್ನೊಂದು ವರ್ಕ್‌ಶಾಪು ಬಾಗಿಲು ತೆರೆಯುತ್ತಿರಲಿಲ್ಲ. ಆಗ ಮೇಷ್ಟ್ರು ಎದ್ದು ನಿಂತರು.

“ಬರೆದಿದ್ದು ಇವನು. ಕೆಲಸ ಆಗಿದೆಯಾ ಅಂತ ಕೇಳಬೇಕಾಗಿದ್ದು ನಾನು. ಬೆಳಿಗ್ಗೆ ಒಂಬತ್ತಕ್ಕೇ ಬಂದ ಹಾಳೆ ಇದು. ಹೀಗೆ ವರ್ಷಗಟ್ಟಲೆ ಬಂದಿದಾವೆ, ನಾನು ಯಾರನ್ನೂ ಕೇಳಲಿಲ್ಲ.”

ನಿವೃತ್ತಿಯ ನಂತರವೂ ಮೇಷ್ಟ್ರನ್ನು ಎರಡು ವರ್ಷ ಉಳಿಸಿಕೊಳ್ಳುತ್ತೇವೆಂದಿದ್ದ ಕಚೇರಿ ಆ ಮಾತನ್ನು ಹಿಂತೆಗೆದುಕೊಂಡಿತು. ಹುಡುಗ ಒಂದು ತಿಂಗಳ ಅಮಾನತಿನ ಬಳಿಕ ಮರಳಿದ. ಬೆಳಗಿನ ವರದಿಗಳು ನಿಂತವು. ಸೂಪರ್‌ವೈಸರಿಗೆ ಏನೂ ಆಗಲಿಲ್ಲ, ಅದನ್ನೂ ಇಲ್ಲಿ ಬರೆದಿಡಬೇಕು.

ಮೇಷ್ಟ್ರಿಗೆ ದೀರ್ಘಾಯುಸ್ಸು ಇರಲಿ. ಮೇಜು ಹೋದರೂ ಅವರ ಪೆನ್ನು ಇನ್ನೆಷ್ಟೋ ಒರಟು ಕೈಗಳ ಬರಹದ ಮೇಲೆ ಓಡಾಡುತ್ತಿರಲಿ. ಅವರ ಕೊನೆಯ ದಿನ ಗೇಟಿನ ಬಳಿ ಹುಡುಗ ಜನರ ನಡುವೆ ನುಗ್ಗಿ, ದನಿಯೇರಿಸಿಯೇ ಕೇಳಿದ: “ಸುಳ್ಳು ಬರೆದಿದ್ದು ನಾನು ಮೇಷ್ಟ್ರೇ. ಮನೆಗೆ ಹೋಗ್ತಿರೋದು ನೀವ್ಯಾಕೆ?”

ಮೇಷ್ಟ್ರು ಅವನ ಮಡಚಿಕೊಂಡಿದ್ದ ಕಾಲರನ್ನು ಸರಿಮಾಡಿದರು, ಊಟದ ಡಬ್ಬಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಬಸ್ ನಿಲ್ದಾಣದ ಕಡೆ ನಡೆದರು.