ತಿಂಗಳ ಮೊದಲ ಗುರುವಾರ

ಡಾಕ್ಟರ್ ಅನಿತಾಗೆ ಒಂದು ಸೊಳ್ಳೆಮರಿ ತೋರಿಸಿದರೆ ಸಾಕು, ಅದು ಯಾವ ಜಾತಿ, ಇನ್ನೆಷ್ಟು ದಿನಕ್ಕೆ ಅದಕ್ಕೆ ರೆಕ್ಕೆ ಬರುತ್ತದೆ ಎಂದು ನಿಂತಲ್ಲೇ ಹೇಳುತ್ತಾಳೆ. ಮನುಷ್ಯರ ವಿಷಯದಲ್ಲಿ ಮಾತ್ರ ನನ್ನಷ್ಟೇ ದಡ್ಡಿ. ಕಡೂರಿನ ನಮ್ಮ ಪುಟ್ಟ ಪ್ರಯೋಗಾಲಯದಲ್ಲಿ ಹನ್ನೆರಡು ವರ್ಷದಿಂದ ಅವಳ ಟೆಕ್ನೀಷಿಯನ್ ಆಗಿ ಸ್ಲೈಡು ಉಜ್ಜುತ್ತಿರುವ ರುದ್ರಮೂರ್ತಿ ನಾನು. ಹೀಗೆ ಹೇಳುವ ಹಕ್ಕು ನನಗಿದೆ. ಎದುರಿಗೆ ಮೇಡಂ ಅನ್ನುತ್ತೇನೆ, ಆದರೆ ನನ್ನ ಮಗಳ ವಯಸ್ಸಿನವಳು.

ಇಲ್ಲೇ ಹತ್ತಿರದ ಯಗಟಿಯ ಹುಡುಗಿ ಅವಳು. ಚಿಕುನ್‌ಗುನ್ಯ ಬಂದ ವರ್ಷ ಬಿ.ಎಸ್ಸಿ. ಓದುತ್ತಿದ್ದಳು. ತಾಯಿ ಈಶ್ವರಮ್ಮನನ್ನು ಜ್ವರ ನಾಲ್ಕೇ ದಿನಕ್ಕೆ ಬಿಟ್ಟಿತು, ಗಂಟುನೋವು ಬಿಡಲಿಲ್ಲ. ಬೆರಳು ಮಡಚಲಾಗದೆ, ಮುದ್ದೆ ಕಟ್ಟಲೂ ಪಕ್ಕದ ಮನೆಯ ತಿಮ್ಮಕ್ಕನನ್ನು ಕರೆಯುವಂತಾಯಿತು. ಆ ಸಿಟ್ಟಿಗೇ ಅನಿತಾ ಈ ವಿದ್ಯೆ ಹಿಡಿದದ್ದು. ಸೊಳ್ಳೆಯೊಳಗೆ ಬೆಳೆಯುವ ಮಲೇರಿಯಾದ ಪರಾವಲಂಬಿಯ ಮೇಲೆ ಡಾಕ್ಟರೇಟ್ ಮಾಡಿದಳು. ದೊಡ್ಡ ಊರುಗಳಲ್ಲಿ ಕೆಲಸ ಸಿಗುತ್ತಿತ್ತು, ಹಟ ಮಾಡಿ ಕಡೂರಿಗೇ ಹಾಕಿಸಿಕೊಂಡು ಬಂದಳು.

ಯಗಟಿಯಲ್ಲಿ ಆಗ ನಲ್ಲಿ ನೀರು ಬರುತ್ತಿದ್ದುದು ಎಂಟು ದಿನಕ್ಕೊಮ್ಮೆ. ಮನೆಮನೆಯಲ್ಲೂ ತುಂಬಿದ ಡ್ರಮ್ಮು. ಡೆಂಗಿ, ಚಿಕುನ್‌ಗುನ್ಯ ಹರಡುವ ಸೊಳ್ಳೆ ಬೆಳೆಯುವುದು ಅಂಥ ತಿಳಿನೀರಿನಲ್ಲೇ. ನೀರು ಚೆಲ್ಲಿ ಅಂದರೆ ಯಾರು ಚೆಲ್ಲುತ್ತಾರೆ? ಅದಕ್ಕೇ ಅನಿತಾ ಡ್ರಮ್ಮಿನ ಬಾಯಿಗೆ ಬಿಗಿಯಾದ ಎಲಾಸ್ಟಿಕ್ ಇರುವ ನೀಲಿ ಬಟ್ಟೆಯ ಮುಸುಕು ಹೊಲಿಸಿ ನೂರು ಮನೆಗೆ ಹಂಚಿದಳು. ಪ್ರತಿ ತಿಂಗಳ ಮೊದಲ ಗುರುವಾರ ಹೋಗಿ ಸೊಳ್ಳೆಮರಿ ಎಣಿಸಬೇಕು, ಅಷ್ಟೇ ಪ್ರಯೋಗ. ಮೊದಲ ಸಲ ಮೂವತ್ತೊಂದು ಮನೆಯಲ್ಲಿ ಮರಿ ಸಿಕ್ಕಿದವು. ಈಶ್ವರಮ್ಮನ ಮನೆಯೂ ಅದರಲ್ಲಿತ್ತು. ಬೀದಿಯ ಹೆಂಗಸರೆಲ್ಲ ನೋಡುತ್ತಿದ್ದಂತೆಯೇ ಮಗಳು ಅದನ್ನು ಬರೆದುಕೊಂಡಳು. ಮುಂದಿನ ತಿಂಗಳು ಎರಡೇ ಮನೆ. ಆಮೇಲೆ ವರ್ಷಪೂರ್ತಿ ಸೊನ್ನೆ.

ನನಗಂತೂ ಆ ಗುರುವಾರಗಳೆಂದರೆ ಹಬ್ಬ. ಅಂಗಳ ಗುಡಿಸಿ ನೀರು ಹಾಕಿರುತ್ತಿದ್ದರು, ಹೋದ ಮನೆಯಲ್ಲೆಲ್ಲ ಕಾಫಿ, ಮಂಡಕ್ಕಿ. ಆರನೆಯ ತಿಂಗಳಿರಬೇಕು, ತಿಮ್ಮಕ್ಕನ ಡ್ರಮ್ಮಿನ ಮುಸುಕು ತೆಗೆಯುವಾಗ ಬಟ್ಟೆಯ ಮೇಲೆ ನಾಲ್ಕಾಗಿ ಮಡಿಸಿ ಇಟ್ಟಿದ್ದ ಗೆರೆ ಕಂಡಿತು. ಅರ್ಧ ವರ್ಷ ಬಿಸಿಲಲ್ಲಿರಬೇಕಿದ್ದ ನೀಲಿ ಚೂರೂ ಮಾಸಿರಲಿಲ್ಲ. ಕೇಳಬೇಕೆನಿಸಿತು. ಕೈಯಲ್ಲಿ ಅವಳೇ ಕೊಟ್ಟ ಕಾಫಿ ಇತ್ತು, ಕೇಳಲಿಲ್ಲ.

ಈ ಪ್ರಯೋಗದ ಬಗ್ಗೆ ಅನಿತಾಳ ಲೇಖನ ಅಚ್ಚಾಯಿತು. ಕಡೂರು, ತರೀಕೆರೆ, ಅಜ್ಜಂಪುರ, ಮೂರೂ ತಾಲ್ಲೂಕಿಗೆ ಮುಸುಕು ಹಂಚಲು ಒಪ್ಪಿಗೆಯೂ ಬಂತು. ಆ ಮಳೆಗಾಲದಲ್ಲೇ ಯಗಟಿಯಲ್ಲಿ ಡೆಂಗಿ ಎದ್ದಿತು. ತಿಮ್ಮಕ್ಕ ಶಿವಮೊಗ್ಗದ ಆಸ್ಪತ್ರೆಯಲ್ಲಿ ಆರನೇ ದಿನ ತೀರಿಕೊಂಡಳು.

ಮಣ್ಣು ಮುಗಿಸಿ ನಾವಿಬ್ಬರೂ ಈಶ್ವರಮ್ಮನ ಮನೆಗೆ ಬಂದಾಗ ಭಾನುವಾರ ಮಧ್ಯಾಹ್ನ. ಕೈಕಾಲು ತೊಳೆಯಲು ಡ್ರಮ್ಮಿಗೆ ಚೊಂಬು ಅದ್ದಿದ ಅನಿತಾ ಹಾಗೇ ನಿಂತುಬಿಟ್ಟಳು. ಮುಸುಕಿರಲಿಲ್ಲ. ನೀರಿನ ತುಂಬ ಮರಿಗಳು ಮಿಜಿಗುಟ್ಟುತ್ತಿದ್ದವು.

“ಬಟ್ಟೆ ಎಲ್ಲಮ್ಮಾ?”

ಈಶ್ವರಮ್ಮ ಟ್ರಂಕು ತೆಗೆದು, ಮಡಿಸಿಟ್ಟಿದ್ದ ನೀಲಿ ಮುಸುಕನ್ನು ತಂದಳು.

“ಗುರುವಾರಕ್ಕೆ ಅಂತ ಇಟ್ಟಿದ್ದೆ ಕಣವ್ವ. ಬುಧವಾರ ಎಲ್ರಿಗೂ ಹೇಳ್ ಕಳಿಸ್ತಿದ್ದೆ, ಇರೋ ನೀರ್ನ ತೆಂಗಿನ ಬುಡಕ್ ಹೊಯ್ದು, ಡ್ರಮ್ ತೊಳ್ದು, ಬೋರಿಂದ ಎಲ್ಡ್ ಕೊಡ ಹೊತ್ತಾಕಿ ಮುಚ್ಚಿ, ನನ್ ಮಗಳು ಬತ್ತಾಳೆ ಅಂತ. ಅಷ್ಟು ಓದ್ಕೊಂಡ್ ಬಂದೋಳು ನಮ್ಮನೆ ಹುಳ ಎಣಿಸ್ಕೊಂಡು ಹೋದ್ರೆ ನಿನ್ ಮರ್ಯಾದೆ ಏನಾಯ್ತದೆ?”

“ಮಿಕ್ಕಿದ್ ದಿನ?”

“ದಿನಕ್ ಹತ್ ಸಲ ಅದ್ನ ಎಳ್ದು ಬಿಚ್ಚಿ ಹಾಕಾಕೆ ನನ್ ಬೆರಳು ಕೇಳ್ಬೇಕಲ್ಲವ್ವಾ. ತಿಮ್ಮಕ್ಕನೂ ಅಂತಿದ್ಲು, ಇದ್ರ ಸಹವಾಸ ಯಾರಿಗೆ ಬೇಕು ಅಂತ.”

ಅನಿತಾ ತಾಯಿಯ ಸೊಟ್ಟ ಬೆರಳುಗಳನ್ನು ನೋಡಿದಳು. ಯಾವ ಕೈಗಾಗಿ ಇಷ್ಟೆಲ್ಲ ಓದಿದ್ದಳೋ ಆ ಕೈಯನ್ನು ಅಳತೆ ಹಾಕಲೇ ಮರೆತಿದ್ದಳು. ಜಗಲಿಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಈಶ್ವರಮ್ಮನಿಗೆ ತಾನೇನು ತಪ್ಪು ಮಾಡಿದೆನೆಂದು ನಿಧಾನವಾಗಿ ಹೊಳೆಯಿತು, ಅವಳೂ ಅಳತೊಡಗಿದಳು.

ಸೋಮವಾರವೇ ಅನಿತಾ ಲೇಖನವನ್ನು ಹಿಂದಕ್ಕೆ ಪಡೆಯುವ ಪತ್ರ ಬರೆದಳು. ಮೇಲಿನವರೊಬ್ಬರು ಫೋನ್ ಮಾಡಿ, ಒಂದೂರಿನ ವಿಷಯ, ಸುಮ್ಮನಿರಿ ಎಂದರಂತೆ.

“ಮೂರು ತಾಲ್ಲೂಕಿನ ಜನ ಈ ಬಟ್ಟೆ ನಂಬ್ಕೊಂಡು ಕೂತ್ಕೋತಾರೆ ರುದ್ರಣ್ಣ” ಎಂದು ಪತ್ರ ಕಳಿಸಿಯೇಬಿಟ್ಟಳು. ಆಮೇಲೆ ಕೇಳಿದಳು, “ನಿಮ್ ಕಣ್ಣಿಗೂ ಏನೂ ಬೀಳ್ಲಿಲ್ವಾ?”

“ಇಲ್ಲ ಮೇಡಂ” ಎಂದೆ. ಆ ಸುಳ್ಳಿಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಯೋಜನೆ ನಿಂತಿತು. ಅನಿತಾ ಮತ್ತೆ ಮೊದಲಿಂದ ಶುರುಮಾಡಿದಳು, ಒಂದೇ ಕೈಯಲ್ಲಿ ಸರಿಸಬಹುದಾದ ಹಗುರ ಮುಚ್ಚಳದೊಂದಿಗೆ. ಈಗ ಇಂಥದೇ ದಿನ ಎಂದಿಲ್ಲ, ಯಾರಿಗೂ ಮೊದಲೇ ತಿಳಿಸುವಂತಿಲ್ಲ. ತಾಯಿಯನ್ನು ನೋಡಲು ಆಕೆ ಊರಿಗೆ ಹೋಗುವುದೂ ಆ ಎಣಿಕೆಯ ದಿನಗಳಲ್ಲೇ.

ಮೊನ್ನೆ ಈಶ್ವರಮ್ಮ ನನಗೆ ಫೋನ್ ಮಾಡಿದಳು. “ಅಣ್ಣಾ, ಅವ್ಳು ಯಾವತ್ತು ಬತ್ತಾಳೆ? ಡ್ರಮ್ ಮುಟ್ಟಲ್ಲ, ನಿಮ್ಮಾಣೆ. ಅವರೆಕಾಳು ಹಿಂದಿನ ದಿನವೇ ನೆನೆಹಾಕ್ಬೇಕಲ್ಲ, ಅದ್ಕೇ ಕೇಳ್ದೆ.”

ಎದುರಿಗೇ ಕೂತಿದ್ದ ಅನಿತಾ ಮೈಕ್ರೋಸ್ಕೋಪಿನಿಂದ ತಲೆ ಎತ್ತಲಿಲ್ಲ. ಮರುದಿನ ಬೆಳಗ್ಗೆ ಏಳೂವರೆ ಬಸ್ಸಿಗೆ ಯಗಟಿಗೆ ಹೋಗುವುದೆಂದು ಆಗಲೇ ಮಾತಾಡಿಕೊಂಡಿದ್ದೆವು.

“ಗೊತ್ತಿಲ್ಲ ಈಶ್ವರಮ್ಮ” ಎಂದೆ.