ಬೇರೆ ಲೋಕದವನಿಗೆ ಬಾಡಿಗೆ ಮನೆ

ಬೇರೆ ಲೋಕದವರ ಸುದ್ದಿ ನನ್ನ ಕಿವಿಗೆ ಮೊದಲು ಬಿದ್ದದ್ದು ಕೇಬಲ್ ಗಿರಿರಾಜನಿಂದ. ಎರಡು ಸಾವಿರದ ನಾಲ್ಕನೇ ಇಸವಿ, ಕಾರ್ತಿಕ ಮಾಸ. ಬಸವೇಶ್ವರನಗರದ ಗುರುಬಸಪ್ಪನವರ ಕಾಂಪೌಂಡಿನಲ್ಲಿ ಒಂದು ಕೋಣೆ ನನ್ನದು, ಬಾಡಿಗೆಗೆ. ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ.

"ಬೋರಮ್ಮಜ್ಜಿ, ಮುಂದಿನ ವಾರ ಬೇರೆ ಲೋಕದವರು ನಿಮ್ಮ ಗೇಟಿಗೇ ಇಳೀತಾರೆ," ಅಂದ.

"ಇಳೀಲಿ. ಕಾವೇರಿ ನೀರು ಬರೋದು ವಾರಕ್ಕೆರಡು ದಿನ. ಬಿಂದಿಗೆ ಅವರೇ ತರ್ಬೇಕು ಅಂತ ಹೇಳು," ಅಂದೆ.

ಅದು ಧಾರಾವಾಹಿ ಅಂತ ಆಮೇಲೆ ಗೊತ್ತಾಯಿತು. ಗಿರಿರಾಜ ತನ್ನ ಲೋಕಲ್ ಚಾನೆಲ್ಲಿಗೆ ತಾನೇ ತೆಗೀತಿದ್ದ. ಗುರುಬಸಪ್ಪನವರು ಜಾಗ ಕೊಟ್ಟರು. ಜಾಗ ಕೊಟ್ಟಮೇಲೆ ಅದರೊಳಗೆ ಊರ ಹಿರಿಯರೂ ಅವರೇ ಆದರು.

ಹಾರುವ ವಾಹನ ಕಟ್ಟೋಕೆ ಬಂದವನು ಮರೆಪ್ಪ. ರಾಯಚೂರು ಕಡೆಯವನು, ಸುಂಕದಕಟ್ಟೆ ಗ್ಯಾರೇಜಿನಲ್ಲಿ ತಗಡಿನ ಕೆಲಸ. ಒಡೆದ ನೀರಿನ ಟ್ಯಾಂಕಿಗೆ ತಗಡು ಹೊದಿಸಿ ವಾಹನ ಮಾಡಿದ. ಬೇರೆ ಲೋಕದವನ ಉಡುಪನ್ನೂ ತಗಡಿನಲ್ಲೇ, ತನ್ನ ಮೈಯಳತೆಗೆ ಬೆಸೆದ. ಬೀದಿಯ ಬೇರೆ ಯಾರ ಹೊಟ್ಟೆಯೂ ಅದರೊಳಗೆ ಹೋಗಲಿಲ್ಲ. ಹೀಗಾಗಿ ಪಾತ್ರವೂ ಅವನಿಗೇ ಬಂತು.

ಮಧ್ಯಾಹ್ನ ನನ್ನ ಬಾಗಿಲ ನೆರಳಲ್ಲಿ ಕೂತು ರೊಟ್ಟಿ ತಿನ್ನುವಾಗ ಅವನದು ಒಂದೇ ಮಾತು. ಹೆಂಡತಿ ಭಾಗವ್ವ ತವರಿನಲ್ಲಿ ಹೆತ್ತಿದ್ದಾಳೆ, ಸಂಕ್ರಾಂತಿಗೆ ಕೂಸು ಎತ್ತಿಕೊಂಡು ಬರ್ತಾಳೆ. ಇವನು ಮಲಗೋದು ಗ್ಯಾರೇಜಿನ ಅಟ್ಟದಲ್ಲಿ.

"ಕೂಸಿನ್ನ ಟೈರಿನ ಮ್ಯಾಲ ಮಲಗಿಸ್ಲೇನವ್ವಾ?"

ನನ್ನ ಪಕ್ಕದ ಮನೆ ಖಾಲಿಯಿತ್ತು. ಗೇಟಿನಲ್ಲಿ ಬೋರ್ಡು ನೇತಾಡುತ್ತಿತ್ತು: 'ಮನೆ ಬಾಡಿಗೆಗಿದೆ. ಸಸ್ಯಾಹಾರಿಗಳಿಗೆ ಮಾತ್ರ.'

"ಶೂಟಿಂಗ್ ಮುಗೀಲಿ. ನನ್ನ ಕೆಲಸ ಸಾಹುಕಾರ್ರು ಮೆಚ್ಚಿದ ಮ್ಯಾಲ ಕೇಳ್ತೀನಿ," ಅಂದ.

ಶೂಟಿಂಗ್ ದಿನ ಗುರುಬಸಪ್ಪನವರ ಹೆಂಡತಿ ಶಿವಗಂಗಮ್ಮ ತಟ್ಟೆ ಹಿಡಿದು ಬಂದರು. ಹೊಸ ಗಾಡಿ ಅಂದಮೇಲೆ ಪೂಜೆ ಬೇಡವೇ? ವಾಹನಕ್ಕೆ ಮೂರು ಬೆರಳಲ್ಲಿ ವಿಭೂತಿ ಎಳೆದು, ಅದರ ಕೆಳಗೆ ನಿಂಬೆಹಣ್ಣು ಇಟ್ಟರು.

"ಆಂಟಿ, ಅದು ಬೇರೆ ಲೋಕದಿಂದ ಬಂದಿರೋದು," ಗಿರಿರಾಜ ಗೋಗರೆದ.

"ಬಂದಿರಲಿ ಬಿಡೋ. ದೂರದ ದಾರಿ, ದೃಷ್ಟಿ ಆಗಿರುತ್ತೆ."

ಒರೆಸೋಕೆ ಯಾರಿಗೂ ಧೈರ್ಯ ಬರಲಿಲ್ಲ. ಗೇಟಿನ ಬೋರ್ಡು ತೆಗೆಯಲು ಗುರುಬಸಪ್ಪನವರೇ ಬಿಡಲಿಲ್ಲ. ಟೀವೀಲಿ ಕಂಡರೆ ಒಳ್ಳೆ ಬಾಡಿಗೆದಾರ ಸಿಗ್ತಾನೆ ಅಂತ ಅವರ ಲೆಕ್ಕ.

ಭಾನುವಾರ ಮೊದಲನೇ ಕಂತು. ಗುರುಬಸಪ್ಪನವರ ಹಜಾರದಲ್ಲಿ ಬೀದಿಗೆ ಬೀದಿಯೇ ಕೂತಿತ್ತು. ಟೀವೀಲಿ ಹೊಗೆ ಎದ್ದಿತು, ವಿಭೂತಿ ಧರಿಸಿದ ವಾಹನ ಕಂಡಿತು, ತಗಡಿನವನು ಹೊರಬಂದು ಕೈಮುಗಿದ. ಕಂತಿನೊಳಗಿನ ಹೆಂಗಸರು ಆರತಿ ಎತ್ತಿದರು. ಗುರುಬಸಪ್ಪನವರು ಶಲ್ಯ ಸರಿಮಾಡಿಕೊಂಡು, "ಯಾವ ಲೋಕದವರಾದರೇನು, ನಮ್ಮ ಮನೆ ನಿಮ್ಮ ಮನೆ ಇದ್ದಂತೆ," ಅಂದರು. ಅವರ ತಲೆಯ ಹಿಂದೆ ಬೋರ್ಡು ಅಕ್ಷರ ಅಕ್ಷರ ಕಾಣುತ್ತಿತ್ತು.

ಎದುರುಮನೆ ಜಗದಾಂಬಾಗೆ ಕಣ್ಣು ತುಂಬಿ ಬಂತು. "ಎಷ್ಟು ದೂರದಿಂದ ಬಂದ್ರೂ ನಮ್ಮ ಪೈಕಿನೇ ನೋಡಿ. ಮುಖ ನೋಡಿದ್ರೇ ಗೊತ್ತಾಗುತ್ತೆ, ಒಳ್ಳೆ ಮನೆತನ."

ಮುಖ ಅಂತ ಅಲ್ಲಿದ್ದದ್ದು ತಗಡು.

ಮಾರನೇ ಬೆಳಿಗ್ಗೆ ಮರೆಪ್ಪ ಇಸ್ತ್ರಿ ಅಂಗಿ ಹಾಕಿ, ತಲೆ ಬಾಚಿಕೊಂಡು ಬಂದ. ನಾನು ಅಂಗಳ ಗುಡಿಸುತ್ತಿದ್ದೆ.

"ಭೇಷ್ ಮಾಡಿದೆ ಕಣಪ್ಪ," ಅಂತ ಗುರುಬಸಪ್ಪನವರು ಬೆನ್ನು ತಟ್ಟಿದರು.

"ಸಾಹುಕಾರ್ರ, ಆ ಮನಿ ನನಗ ಕೊಡ್ರಿ. ಹೆಂಡ್ತಿ, ಕೂಸು ಬರಾಕತ್ಯಾರ."

ಬೆನ್ನ ಮೇಲಿದ್ದ ಕೈ ಇಳಿಯಿತು. "ಬೋರ್ಡ್ ನೋಡಿದೀಯಲ್ಲ."

"ಮನ್ಯಾಗ ಮಾಂಸ ಬೇಯಿಸಂಗಿಲ್ರಿ. ಭಾಷಿ ಕೊಡ್ತೀನಿ."

"ಹಂಗಲ್ಲಪ್ಪ. ನೀವು ಯಾವ ಜನ?"

ಮರೆಪ್ಪ ಮುಚ್ಚುಮರೆ ಇಲ್ಲದೆ ತನ್ನ ಜಾತಿ ಹೇಳಿದ. ಗುರುಬಸಪ್ಪನವರು ಕರೆಂಟ್ ಮೀಟರ್ ಕಡೆ ನೋಡಿದರು.

"ನನಗೇನೂ ಇಲ್ಲಪ್ಪ. ನಮ್ಮ ತಾಯಿಯವರು ಒಪ್ಪಲ್ಲ. ಹಳೇ ಕಾಲದವರು."

ಆ ತಾಯಿ ಲಿಂಗೈಕ್ಯರಾದಾಗ ಶಿವಗಣಾರಾಧನೆಗೆ ಹೋಗಿ ಹೋಳಿಗೆ ಉಂಡು ಬಂದವಳು ನಾನು. ಪೊರಕೆ ನಿಲ್ಲಿಸಿ, "ತಾಯಿಯವರು ಯಾವಾಗ ಬಂದ್ರು ಸಾರ್?" ಅಂದೆ. ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಎರಡನೇ ಕಂತಿಗೆ ಗಿರಿರಾಜ ಮರೆಪ್ಪನ ಕಾಲು ಹಿಡಿಯೋದೊಂದು ಬಾಕಿ. ಅವನು ಬರಲಿಲ್ಲ. ಬೇರೆಯವನನ್ನು ತುರುಕೋಕೆ ಹೋದರೆ ಉಡುಪು ತೊಡೆಗೇ ನಿಂತಿತು. ಹೀಗೆ ಆ ಧಾರಾವಾಹಿಗೆ ಇವತ್ತಿಗೂ ಒಂದೇ ಕಂತು. ಗಿರಿರಾಜ ವಾರ ವಾರ ಅದನ್ನೇ ಹಾಕಿದ. ಬೀದಿ ಮಕ್ಕಳಿಗೆಲ್ಲ ಅದು ಬಾಯಿಪಾಠವಾಯಿತು. ಭಾನುವಾರ ಬಂದರೆ ಸಾಕು, ಗುರುಬಸಪ್ಪನವರು ಶಲ್ಯ ಸರಿಮಾಡಿಕೊಂಡು, ನಮ್ಮ ಮನೆ ನಿಮ್ಮ ಮನೆ ಇದ್ದಂತೆ ಅಂತ ಇಡೀ ಬಡಾವಣೆಗೆ ಹೇಳುತ್ತಿದ್ದರು. ಬೋರ್ಡೂ ಹಿಂದೆಯೇ ಇರುತ್ತಿತ್ತು.

ಸಂಕ್ರಾಂತಿ ಹತ್ತಿರ ಬಂದಾಗ ಮರೆಪ್ಪ ಬಿಟ್ಟು ಹೋಗಿದ್ದ ಕತ್ತರಿ, ಸುತ್ತಿಗೆ ತಗೊಳ್ಳೋಕೆ ಬಂದ. ಕೆಂಗೇರಿ ಆಚೆ ಒಂದು ಶೀಟಿನ ಮನೆ ಸಿಕ್ಕಿತಂತೆ. ಗ್ಯಾರೇಜಿಗೆ ಎರಡು ಬಸ್ಸು ಹತ್ತಬೇಕು. ಕೂಸಿನ ತೊಟ್ಟಿಲಿಗೆ ಆಗುತ್ತೆ ಅಂತ ನನ್ನ ಹಳೇ ಸೀರೆ ಮಡಚಿ ಕೊಟ್ಟೆ. ಅದನ್ನು ಚೀಲಕ್ಕೆ ಹಾಕಿಕೊಂಡು ಗೇಟಿನವರೆಗೆ ಹೋದವನು, ಬೋರ್ಡಿನ ಪಕ್ಕ ನಿಂತು ತಿರುಗಿ ನೋಡಿದ.

"ಅವ್ವಾ, ಒಂದು ಕೆಲಸ ಮಾಡ್ರಿ. ಆ ತಗಡಿನವ ಏನಾದ ಅಂತ ಹುಡುಗ್ರು ಯಾರರ ಕೇಳಿದ್ರ, ಇಲ್ಲಿ ಮನಿ ಸಿಗಲಿಲ್ಲ, ತನ್ನ ಲೋಕಕ್ಕ ತಿರುಗಿ ಹೋದ ಅಂತ ಹೇಳ್ರಿ."